ಕೊಯ್ಲು ಮುಗಿಸಿ ಕೊಚ್ಚಿಗೆ: ದೋಣಿಯಲ್ಲೇ ಚಳಿಗಾಲ ಕಳೆಯುವುದು ಹೇಗೆ?

ಸುಗ್ಗಿಹಬ್ಬ ಪುತ್ತರಿಯ ಕದಿರು ಮನೆಗೆ ಬಂದ ಮೇಲೆ ಕೊಡಗಿನಲ್ಲಿ ಚಳಿ ಬಿಗಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮಂಡಿನೋವಿನ ಹಿರಿಯರು ಬಿಸಿಲು ಏರುವ ತನಕ ಒಲೆಯ ಮುಂದಿನಿಂದ ಕದಲುವುದಿಲ್ಲ. ಅದೇ ಹೊತ್ತಿಗೆ ಕೊಚ್ಚಿಯಲ್ಲಿ ರಾತ್ರಿಯ ಉಷ್ಣತೆ 23 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೆಳಿಗ್ಗೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿಯ ಮೇಲೆ ಹಾದು, ಕಣ್ಣೂರಿನಲ್ಲಿ ರೈಲು ಹತ್ತಿದರೆ ರಾತ್ರಿಯೊಳಗೆ ಕೊಚ್ಚಿಯ ಎರ್ನಾಕುಲಂ ಸೇರಬಹುದು. ಸ್ನೇಹಿತರೊಬ್ಬರ 34 ಅಡಿಯ ಹಾಯಿದೋಣಿಯಲ್ಲಿ ನಾನೂ ನನ್ನ ಪತ್ನಿಯೂ ಎರಡು ಚಳಿಗಾಲ ವಾಸವಿದ್ದು ಕಲಿತದ್ದನ್ನು, ಇಂಥದೇ ಆಸೆಯಿರುವವರಿಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ. ಆಲಪ್ಪುಳದ ಪ್ರವಾಸಿ ಹೌಸ್‌ಬೋಟಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಅಡುಗೆಯವರು ಬಡಿಸುತ್ತಾರೆ. ಇಲ್ಲಿ ಕುಡಿಯುವ ನೀರಿನಿಂದ ಕಕ್ಕಸಿನ ತೊಟ್ಟಿಯವರೆಗೆ ಎಲ್ಲವೂ ನಿಮ್ಮದೇ ಕೆಲಸ.

ಮೊದಲು ದಿನ ಗೊತ್ತುಮಾಡಿ

ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಡೆಯುತ್ತದೆ. ಅಂದರೆ ಚಳಿಗಾಲವೆಂಬುದು ತೋಟದವರಿಗೆ ರಜೆಯಲ್ಲ, ವರ್ಷದ ಗಳಿಕೆ ಕಣದಲ್ಲಿ ಒಣಗುತ್ತಿರುವ ಕಾಲ. ರೋಬಸ್ಟಾ ತೋಟವನ್ನು ಸ್ವತಃ ನೋಡಿಕೊಳ್ಳುವವರು ಈ ಯೋಚನೆಯನ್ನು ಮಗನೋ ಮಗಳೋ ಜವಾಬ್ದಾರಿ ಹೊರುವವರೆಗೆ ಮುಂದೂಡುವುದೇ ವಿವೇಕವೆಂದು ನನ್ನ ಅಭಿಪ್ರಾಯ. ತೋಟದ ಗುಮಾಸ್ತನಾದ ರೈಟರನ ಮೇಲೆ ಭಾರ ಹಾಕಿ ಹೋದವರು ದೋಣಿಯಲ್ಲಿ ಕುಳಿತು ದಿನಕ್ಕೆ ಹತ್ತು ಸಲ ಫೋನು ಮಾಡುವುದನ್ನು ಕಂಡಿದ್ದೇನೆ. ಅರೇಬಿಕಾ ಮಾತ್ರ ಇರುವವರು ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಆರು ವಾರಗಳನ್ನು ಆರಿಸಿಕೊಳ್ಳಬಹುದು. ಮಾರ್ಚಿನಲ್ಲಿ ಕೊಚ್ಚಿಯ ಸೆಕೆ ಏರತೊಡಗುವುದರಿಂದ ಮುಂದೆ ಉಳಿಯುವುದರಲ್ಲಿ ಸುಖವಿಲ್ಲ.

ನಿವೃತ್ತರಾಗಿ ಹೊಣೆ ಕಳೆದುಕೊಂಡವರೂ ಡಿಸೆಂಬರ್ ನಡುವಿಗಿಂತ ಮೊದಲು ಹೋಗುವುದು ಬೇಡ. ಕೇರಳದವರು ತುಲಾವರ್ಷವೆಂದು ಕರೆಯುವ ಈಶಾನ್ಯ ಮಾರುತದ ಮಳೆ ಗುಡುಗು ಸಿಡಿಲಿನೊಂದಿಗೆ ನವೆಂಬರಿನಲ್ಲೂ ಸುರಿಯುತ್ತದೆ. 2017ರಲ್ಲಿ ಒಖಿ ಚಂಡಮಾರುತ ಕೇರಳದ ಕರಾವಳಿಯನ್ನು ಕಾಡಿದ್ದು ನವೆಂಬರ್ ಕೊನೆಯಲ್ಲಿ.

ಜಾಗ ಮತ್ತು ದೋಣಿ

ದೋಣಿಗಳು ಕಟ್ಟೆಗೆ ತಾಗಿ ನಿಂತು, ನೀರು ಮತ್ತು ವಿದ್ಯುತ್ತನ್ನು ದಡದಿಂದಲೇ ಪಡೆಯುವ ತಂಗುದಾಣವೇ ಮರೀನಾ. ನಮಗೆ ಹತ್ತಿರವಿರುವುದು ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದಲ್ಲಿ, 1744ರಲ್ಲಿ ಡಚ್ಚರು ಕಟ್ಟಿಸಿದ ಅರಮನೆಯ ಪಕ್ಕದಲ್ಲಿ, ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ನಡೆಸುವ ಮರೀನಾ. ಯಾವ ಮರೀನಾದಲ್ಲಾದರೂ ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ. ರಾತ್ರಿ ದೋಣಿಯಲ್ಲೇ ತಂಗಲು ಅನುಮತಿಯಿದೆಯೇ? ಬಾಡಿಗೆಯನ್ನು ದೋಣಿಯ ಉದ್ದದ ಮೇಲೆ ದಿನಕ್ಕೆ ಲೆಕ್ಕ ಹಾಕುತ್ತಾರೋ, ತಿಂಗಳಿಗೋ, ವಿದ್ಯುತ್ತಿಗೆ ಬೇರೆ ಮೀಟರ್ ಇದೆಯೋ? ಮಲತೊಟ್ಟಿಯನ್ನು ಖಾಲಿ ಮಾಡುವ ಪಂಪು ಈಗ ಓಡುತ್ತಿದೆಯೇ? ಮೂರನೆಯದನ್ನು ಕೇಳಲು ಯಾರೂ ನಾಚಬಾರದು.

ದೋಣಿಯನ್ನು ಮೊದಲ ವರ್ಷವೇ ಕೊಳ್ಳಬೇಡಿ. ಬಾಡಿಗೆಗೆ ಪಡೆಯಿರಿ, ಇಲ್ಲವೇ ಬೇರೆ ಊರಿನಲ್ಲಿರುವ ಮಾಲೀಕರಿಗೆ ದೋಣಿಯನ್ನು ನೋಡಿಕೊಳ್ಳುವ ಮಾತು ಕೊಟ್ಟು ಇರಿ. ದಕ್ಷಿಣ ನೌಕಾ ಕಮಾಂಡಿನ ಕೇಂದ್ರ ಕೊಚ್ಚಿಯಲ್ಲೇ ಇರುವುದರಿಂದ, ಸೇನೆಯ ನಂಟಿಲ್ಲದ ಮನೆಯೇ ಅಪರೂಪವಾದ ನಮ್ಮ ಕೊಡಗಿನಲ್ಲಿ ವಿಚಾರಿಸಿದರೆ ಅಲ್ಲಿನ ನೀರನ್ನು ಬಲ್ಲ ನಿವೃತ್ತ ನೌಕಾಪಡೆಯ ಬಂಧುವೊಬ್ಬರು ಸಿಕ್ಕೇ ಸಿಗುತ್ತಾರೆ. ನಮಗೆ ದೋಣಿ ದೊರೆತದ್ದೂ ಹಾಗೆಯೇ. ಕೊಳ್ಳಲೇಬೇಕೆಂದಿದ್ದರೆ ದೋಣಿಯನ್ನು ದಡಕ್ಕೆ ಎತ್ತಿಸಿ ತಳವನ್ನು ಪರಿಣತರಿಂದ ಪರೀಕ್ಷಿಸಿದ ನಂತರವೇ ಮುಂಗಡ ಕೊಡಿ. ಒಳನಾಡಿನ ನೀರಿನಲ್ಲಿ ಓಡುವ ಯಂತ್ರಚಾಲಿತ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿಯೂ ವಿಮೆಯೂ ಬೇಕಾಗುವುದರಿಂದ ಆ ಕಾಗದಗಳನ್ನೂ ನೋಡಿ.

ಕರೆಂಟಿನ ಲೆಕ್ಕ

ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಇನ್ವರ್ಟರನ್ನು ಎಣಿಸಿ ಎಣಿಸಿ ಬಳಸಿದ ಕೊಡಗಿನವರಿಗೆ ದೋಣಿಯ ವಿದ್ಯುತ್ ಹೊಸ ವಿದ್ಯೆಯೇನಲ್ಲ. ದೋಣಿಯೊಳಗಿನ ದೀಪ, ಫ್ಯಾನು, ಫ್ರಿಜ್ಜು, ನೀರಿನ ಪಂಪು ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ಬ್ಯಾಟರಿಯ ವಿದ್ಯುತ್ತನ್ನು ಅಳೆಯುವುದು ಆಂಪಿಯರ್-ಅವರ್ ಲೆಕ್ಕದಲ್ಲಿ; ಸಣ್ಣ ಫ್ರಿಜ್ಜು ದಿನಕ್ಕೆ ಸುಮಾರು 50 ಆಂಪಿಯರ್-ಅವರ್ ತಿನ್ನುತ್ತದೆ. ಎರಡು ಸಣ್ಣ ಫ್ಯಾನುಗಳು ಹನ್ನೆರಡು ಗಂಟೆ ತಿರುಗಿದರೆ 25. ದೀಪ, ಪಂಪು, ಫೋನು ಸೇರಿ 15. ಒಟ್ಟು 90. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಕುಗ್ಗುವುದರಿಂದ, 200 ಆಂಪಿಯರ್-ಅವರಿನ ಬ್ಯಾಟರಿ ನಿಮಗೆ ನಿಜವಾಗಿ ಕೊಡುವುದು ಒಂದು ದಿನದ ಬಾಳ್ವೆಯನ್ನಷ್ಟೇ. ಬಿಸಿಲಿದ್ದ ದಿನ 100 ವ್ಯಾಟಿನ ಸೌರಫಲಕ ಸುಮಾರು 30 ಆಂಪಿಯರ್-ಅವರ್ ತುಂಬುತ್ತದೆ. ಮಿಕ್ಕಿದ್ದಕ್ಕೆ ದಡದ 230 ವೋಲ್ಟಿನ ತಂತಿಯೇ ಗತಿ.

ಈ ತಂತಿಯಲ್ಲಿ ಕಣ್ಣಿಗೆ ಕಾಣದ ತೊಂದರೆಯೊಂದಿದೆ. ದಡದ ಭೂಸಂಪರ್ಕದ ಮೂಲಕ ಅಕ್ಕಪಕ್ಕದ ದೋಣಿಗಳ ಲೋಹದ ಭಾಗಗಳೆಲ್ಲ ಒಂದಕ್ಕೊಂದು ಜೋಡಣೆಯಾಗಿ, ಉಪ್ಪುನೀರಿನಲ್ಲಿ ಇಡೀ ಕಟ್ಟೆಯೇ ಒಂದು ದೊಡ್ಡ ಬ್ಯಾಟರಿಯಂತಾಗುತ್ತದೆ. ಆಗ ನಿಮ್ಮ ಪ್ರೊಪೆಲ್ಲರು ಮೆಲ್ಲಗೆ ಕರಗತೊಡಗುತ್ತದೆ. ಅದರ ಬದಲು ತಾನು ಕರಗಲೆಂದೇ ಆನೋಡ್ ಎಂಬ ಲೋಹದ ತುಂಡನ್ನು ಅಡಿಯಲ್ಲಿ ಬಿಗಿದಿರುತ್ತಾರೆ. ಸಮುದ್ರಕ್ಕೆ ಸತು, ಸಿಹಿನೀರಿಗೆ ಮೆಗ್ನೀಸಿಯಂ, ಕೊಚ್ಚಿಯ ಹಿನ್ನೀರಿನಂತಹ ಸವುಳು ನೀರಿಗೆ ಅಲ್ಯೂಮಿನಿಯಂ ಒಪ್ಪುತ್ತದೆ. ಭೂತಂತಿಯಲ್ಲಿ ಈ ಹರಿವನ್ನು ತಡೆಯುವ ಗ್ಯಾಲ್ವಾನಿಕ್ ಐಸೋಲೇಟರ್ ಕೂರಿಸಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಾಕಿಸಿ.

ನೀರು, ತೊಟ್ಟಿ, ಒಲೆ

ಒಬ್ಬರಿಗೆ ದಿನಕ್ಕೆ 25 ಲೀಟರ್ ಎಂದು ಕಟ್ಟುನಿಟ್ಟಾಗಿ ಬಳಸಿದರೆ 300 ಲೀಟರಿನ ತೊಟ್ಟಿ ಇಬ್ಬರಿಗೆ ಆರು ದಿನ ಬರುತ್ತದೆ. ಸ್ನಾನವನ್ನು ದಡದಲ್ಲಿ ಮುಗಿಸಿದರೆ ಇನ್ನೂ ಹೆಚ್ಚು. ಹಂಡೆಯ ಬಿಸಿನೀರಿನಲ್ಲಿ ಬಕೆಟ್ಟುಗಟ್ಟಲೆ ಮೀಯುವ ನಮ್ಮ ಅಭ್ಯಾಸವನ್ನು ಮಾತ್ರ ಊರಿನಲ್ಲೇ ಬಿಟ್ಟುಬರಬೇಕು. ಮಲತೊಟ್ಟಿಯ ಲೆಕ್ಕ ಇದಕ್ಕಿಂತ ಬಿಗಿ: ಒಂದು ಸಲಕ್ಕೆ ಎರಡೂವರೆ ಲೀಟರಿನಂತೆ ದಿನಕ್ಕೆ ಹತ್ತು ಸಲ ಹಿಡಿದರೆ 75 ಲೀಟರಿನ ತೊಟ್ಟಿ ಮೂರನೆಯ ದಿನವೇ ತುಂಬುತ್ತದೆ. ಅದನ್ನು ಹಿನ್ನೀರಿಗೆ ಬಿಡುವ ಯೋಚನೆ ಬೇಡ. ಪಕ್ಕದಲ್ಲೇ ಜನ ಬಲೆ ಬೀಸುತ್ತಿರುತ್ತಾರೆ.

ಅಡುಗೆ ಅನಿಲದ ವಿಷಯದಲ್ಲಿ ಮನೆಯ ಧೈರ್ಯ ಇಲ್ಲಿ ಸಲ್ಲದು. ಅಡುಗೆ ಅನಿಲವು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಗೆ ಹರಿದೀತು; ದೋಣಿಯಲ್ಲಾದರೆ ಬಿಲ್ಜ್ ಎಂಬ ತಳದ ಗುಂಡಿಯಲ್ಲಿ ಕುಳಿತು ಒಂದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಸಿಲಿಂಡರು ಹೊರಗೆ, ತಳದಲ್ಲಿ ನೀರಿನ ಕಡೆಗೆ ರಂಧ್ರವಿರುವ ಪ್ರತ್ಯೇಕ ಗೂಡಿನಲ್ಲಿರಬೇಕು, ಪ್ರತಿ ಅಡುಗೆಯ ನಂತರ ಸಿಲಿಂಡರಿನ ಬಳಿಯೇ ಮುಚ್ಚಬೇಕು. ಕಟ್ಟೆಯಲ್ಲಿ ವಿದ್ಯುತ್ ಇರುವಾಗ ಇಂಡಕ್ಷನ್ ಒಲೆಯೇ ಮೇಲೆಂದು ನಾವು ಎರಡನೆಯ ವರ್ಷ ಅದಕ್ಕೇ ಬದಲಾದೆವು. ಕಡಂಬುಟ್ಟು, ನೂಪುಟ್ಟುಗಳ ಹಬೆ ಒಳಗೇ ಉಳಿದು ಹಾಸಿಗೆಯ ಕೆಳಗೆ ಬೂಷ್ಟು ಹಿಡಿಸುವುದರಿಂದ, ಬೇಯಿಸುವಾಗ ಮೇಲಿನ ಕಿಂಡಿಗಳನ್ನು ತೆರೆದಿಡಿ. ಹಾಸಿಗೆಯ ಅಡಿಯಲ್ಲಿ ಗಾಳಿಯಾಡಲು ಮರದ ಪಟ್ಟಿಗಳಿದ್ದರೆ ಒಳ್ಳೆಯದು. ಪಂದಿಕರಿಯನ್ನು ಒಳಗೆ ಹುರಿದು ನಾವು ಮೂರು ದಿನ ಅದರ ವಾಸನೆಯಲ್ಲೇ ಮಲಗಿದೆವು. ಅನಂತರ ಪಂದಿಕರಿಗೆ ಹಾಕುವ ಹುಳಿಯಾದ ಕಾಚಂಪುಳಿಯ ಶೀಶೆ ಕರಿಮೀನಿನ ಸಾರಿಗೆ ಮೀಸಲಾಯಿತು. ಕಿಂಡಿಗಳಿಗೆಲ್ಲ ಸೊಳ್ಳೆಯ ಜಾಲರಿಯನ್ನು ಅಳತೆ ಕೊಟ್ಟು ಹೊಲಿಸಿಕೊಂಡು ಹೋಗಿ. ಕೊಚ್ಚಿಯ ಸೊಳ್ಳೆಗಳ ಮುಂದೆ ತೋಟದ ಸೊಳ್ಳೆಗಳು ಸಾಧು.

ದೋಣಿ ಮುಳುಗದಂತೆ ನೋಡಿಕೊಳ್ಳುವುದು

ಕಟ್ಟೆಗೆ ಕಟ್ಟಿದ ದೋಣಿಯೂ ಮುಳುಗಬಲ್ಲದು, ಅದೂ ಸದ್ದಿಲ್ಲದೆ. ತಳದಲ್ಲಿ ನೀರನ್ನು ಒಳಗೆ ತೆಗೆದುಕೊಳ್ಳಲು ಮತ್ತು ಹೊರಗೆ ಬಿಡಲು ತೂತುಗಳಿರುತ್ತವೆ. ಪ್ರತಿಯೊಂದಕ್ಕೂ ಸೀಕಾಕ್ ಎಂಬ ತಿರುಪು ಕವಾಟ ಇರುತ್ತದೆ. ಅವೆಲ್ಲಿವೆಯೆಂದು ಮೊದಲ ದಿನವೇ ಚಿತ್ರ ಬರೆದು ಗೋಡೆಗೆ ಅಂಟಿಸಿ, ಪ್ರತಿಯೊಂದರ ಪಕ್ಕದಲ್ಲೂ ಅದರ ಅಳತೆಯ ಮೆದು ಮರದ ಬೆಣೆಯನ್ನು ದಾರದಿಂದ ಕಟ್ಟಿಡಿ. ಕವಾಟವೋ ಕೊಳವೆಯೋ ಕೈಕೊಟ್ಟರೆ ಆ ಬೆಣೆಯನ್ನು ಹೊಡೆದರೆ ಆಯಿತು. ಒಂದು ರಾತ್ರಿ ನನ್ನ ಕಾಲು ಹಾಸಿಗೆಯಿಂದ ಇಳಿದದ್ದು ನೀರಿಗೆ: ಕಕ್ಕಸಿನ ಕೊಳವೆಯ ಬಿಗಿಪಟ್ಟಿ ಸಡಿಲವಾಗಿತ್ತು, ನೀರು ಏರಿದಾಗ ತಾನೇ ಓಡಬೇಕಾದ ಪಂಪಿನ ತೇಲುಬುರುಡೆ ಕೂದಲಿನ ಉಂಡೆಯಲ್ಲಿ ಸಿಕ್ಕಿಕೊಂಡಿತ್ತು. ಅಂದಿನಿಂದ ತೇಲುಬುರುಡೆಯನ್ನು ಪ್ರತಿ ಬೆಳಿಗ್ಗೆ ಕೈಯಿಂದ ಎತ್ತಿ, ಪಂಪು ಓಡುವ ಸದ್ದು ಕೇಳಿದ ಮೇಲೆಯೇ ಕಾಫಿ.

ಕೊಚ್ಚಿಯಲ್ಲಿ ಭರತ ಇಳಿತಗಳ ಅಂತರ ಹೆಚ್ಚೆಂದರೆ ಒಂದು ಮೀಟರಿನಷ್ಟು. ಪಾಂಟೂನ್ ಎಂಬ ತೇಲುವ ಕಟ್ಟೆ ದೋಣಿಯ ಜೊತೆಗೇ ಏರಿ ಇಳಿಯುವುದರಿಂದ ಹಗ್ಗಗಳ ಚಿಂತೆ ಕಡಿಮೆ. ಆದರೂ ಮುಂದೊಂದು, ಹಿಂದೊಂದು ಕಟ್ಟಿದರೆ ಸಾಲದು. ದೋಣಿ ಹಿಂದೆ ಮುಂದೆ ಓಲಾಡದಂತೆ ಓರೆಯಾಗಿ ಇನ್ನೆರಡು ಬೇಕು. ಹಾದುಹೋಗುವ ಬೋಟುಗಳ ಅಲೆಗೆ ಹಗ್ಗ ಉಜ್ಜುವ ಜಾಗಕ್ಕೆ ಹಳೆಯ ಸ್ಪ್ರಿಂಕ್ಲರ್ ಹೋಸನ್ನು ಸೀಳಿ ತೊಡಿಸಿ. ಅದು ನಮ್ಮ ಪ್ರತಿ ತೋಟದ ಮೂಲೆಯಲ್ಲೂ ಬಿದ್ದಿರುತ್ತದೆ. ದಡಕ್ಕೂ ದೋಣಿಗೂ ನಡುವಿನ ಸಂದಿಗೆ ಜಾರಿ ಬೀಳುವ ಅಪಾಯ ಕತ್ತಲಲ್ಲಿ ಹೆಚ್ಚು. ಈಜು ಬಾರದವರು ರಾತ್ರಿ ಜೀವರಕ್ಷಕ ಅಂಗಿ ತೊಡದೆ ಮೇಲೆ ಬರಬಾರದು.

ಹೊರಡುವ ದಿನ

ಮಳೆಗಾಲದಲ್ಲಿ ಬಹುಮಟ್ಟಿಗೆ ಸಿಹಿಯಾಗುವ ಹಿನ್ನೀರು ಬೇಸಿಗೆ ಹತ್ತಿರವಾದಂತೆ ಉಪ್ಪಾಗುತ್ತದೆ. ಅಂತರಗಂಗೆಯ ರಾಶಿ ಸಾಯುತ್ತ ಹೋಗಿ, ಅದರ ಬದಲು ದೋಣಿಯ ಅಡಿಯಲ್ಲಿ ಕಲ್ಲುಚಿಪ್ಪುಗಳು ಕೂರುತ್ತವೆ. ಆದ್ದರಿಂದ ಹೊರಡುವ ಮುನ್ನ ಮುಳುಗುಗಾರರಿಂದ ಪ್ರೊಪೆಲ್ಲರನ್ನಾದರೂ ಕೆರೆಸಿ, ಆನೋಡ್ ಎಷ್ಟು ಉಳಿದಿದೆಯೆಂದು ಕೇಳಿ. ಅರ್ಧ ಕರಗಿದ್ದರೆ ಬದಲಿಸಿ. ಮಲತೊಟ್ಟಿಯನ್ನು ಖಾಲಿ ಮಾಡಿ ಎರಡು ಸಲ ಸಿಹಿನೀರಿನಲ್ಲಿ ತೊಳೆಯಿರಿ. ಮೇಲ್ಗಟ್ಟಿನ ಮಳೆನೀರು ಹೊರಗೆ ಹೋಗುವ ದಾರಿಯೊಂದನ್ನು ಬಿಟ್ಟು ಉಳಿದ ಸೀಕಾಕುಗಳನ್ನೆಲ್ಲ ಮುಚ್ಚಿ, ಸಿಲಿಂಡರನ್ನು ಬಿಚ್ಚಿ, ಬಿಲ್ಜ್ ಪಂಪಿಗೆ ಹೋಗುವ ಬ್ಯಾಟರಿಯ ಸಂಪರ್ಕವನ್ನು ಮಾತ್ರ ಉಳಿಸಿಕೊಂಡು, ವಾರಕ್ಕೊಮ್ಮೆ ಬಂದು ನೋಡುವವರಿಗೆ ಕೀಲಿಯನ್ನೂ ಸೀಕಾಕಿನ ಚಿತ್ರವನ್ನೂ ಒಪ್ಪಿಸಿ. ಫ್ರಿಜ್ಜನ್ನು ಒರೆಸಿ, ಅದರ ಬಾಗಿಲು ಮುಚ್ಚಿಕೊಳ್ಳದಂತೆ ಮರದ ತುಂಡೊಂದನ್ನು ಸಿಕ್ಕಿಸಿ ಬನ್ನಿ.