ಕ್ಯಾಲೆಂಡರ್ ನೋಡಿ ಅಡ್ಮಿಟ್ ಆದೆವು: ವಿಡಿಯೋ ಇಇಜಿ, ನನ್ನ ಅನುಭವ

ವಿಡಿಯೋ ಇಇಜಿ ಅಂದರೆ ತಲೆಗೆ ವೈರು ಅಂಟಿಸಿ ಮಿದುಳಿನ ವಿದ್ಯುತ್ತಿನ ಗೆರೆ ಬರೆಸುತ್ತಾ, ಫಿಟ್ಸ್ ಬರುವುದನ್ನು ಕ್ಯಾಮೆರಾದಲ್ಲಿ ಹಿಡಿಯುವ ಪರೀಕ್ಷೆ. ಅದಕ್ಕೆ ಬೆಡ್ ಖಾಲಿ ಇದೆ ಅಂದ ಕೂಡಲೇ ಓಡಬೇಡಿ. ಫಿಟ್ಸ್ ಬರುವ ದಿನ ನೋಡಿಕೊಂಡು ಹೋಗಿ. ನಾನು ಹೀಗೆ ಹೇಳಿದಾಗ ಮನೆಯಿಂದ ವಾರ್ಡಿನವರೆಗೆ ಎಲ್ಲರೂ ನಕ್ಕಿದ್ದರು. "ಪಂಚಾಂಗ ನೋಡಿ ಆಸ್ಪತ್ರೆ ಸೇರ್ತೀರಾ ಮಾರಾಯ್ರೆ?" ಅಂತ ನಮ್ಮ ಭಾವನೇ ಕೇಳಿದರು. ಈಗ ಕೆಲಸ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಹೆಂಡತಿಗೆ ಮದುವೆಗೆ ಮುಂಚಿನಿಂದ ಮೂರ್ಛೆ ಇದೆ. ಹೊಟ್ಟೆಯಿಂದ ಏನೋ ಮೇಲೆ ಬಂದ ಹಾಗಾಗುತ್ತದೆ, ಆಮೇಲೆ ದಿಟ್ಟಿಸಿ ನೋಡುತ್ತಾಳೆ, ಬಾಯಿ ಚಪ್ಪರಿಸುತ್ತಾಳೆ, ಸೆರಗು ತಡಕಾಡುತ್ತಾಳೆ. ಕಾರ್ಬಮಜೆಪಿನ್ ಆಯಿತು, ಲೆವೆಟಿರಾಸಿಟಮ್ ಆಯಿತು, ಅದರ ಮೇಲೆ ಕ್ಲೋಬಜಾಮ್ ಕೂಡ. ಎರಡು ಸರಿಯಾದ ಮಾತ್ರೆಗೆ ಬಗ್ಗದಿದ್ದರೆ ಮೂರನೆಯದಕ್ಕೆ ಬಗ್ಗುವುದು ಕಡಿಮೆ, ಆಪರೇಷನ್ ಆಗುತ್ತದಾ ನೋಡೋಣ ಅಂದರು ಬೆಂಗಳೂರಿನ ಡಾಕ್ಟರು. ಅದಕ್ಕೆ ಮೊದಲು ಫಿಟ್ಸ್ ಮಿದುಳಿನ ಯಾವ ಜಾಗದಿಂದ ಶುರುವಾಗುತ್ತದೆ ಅಂತ ಗೊತ್ತಾಗಬೇಕು, ಹಾಗಾಗಿ ವಿಡಿಯೋ ಇಇಜಿ. ತಲೆ ತುಂಬ ವೈರು, ಎದುರಿಗೆ ಕ್ಯಾಮೆರಾ, ಫಿಟ್ಸ್ ಬರಲಿ ಅಂತ ಕಾಯುವುದು.

ಮೊದಲ ಸಲ ಬರಲೇ ಇಲ್ಲ. ಮಾತ್ರೆ ನಿಧಾನಕ್ಕೆ ಇಳಿಸಿದರು, ಆದರೂ ಇಲ್ಲ. ಬರುವುದಾದರೂ ಹೇಗೆ? ಮನೆಯಲ್ಲಿ ನಸುಕಿಗೇ ಏಳುವವಳು ಅಲ್ಲಿ ಒಲೆ ಇಲ್ಲ, ಕೊಟ್ಟಿಗೆ ಇಲ್ಲ ಅಂತ ಗಡದ್ದಾಗಿ ಮಲಗಿದಳು. ವರ್ಷಗಟ್ಟಲೆ ಬಾಕಿ ಇದ್ದ ನಿದ್ದೆ ತೀರಿಸಿಕೊಂಡಳು. ದಿನಕ್ಕೆ ಹತ್ತಿರ ಹತ್ತಿರ 12 ಸಾವಿರ, ಮೇಲಿಂದ ಲಾಡ್ಜು, ಊಟ. ಒಂದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು ಹೋಯಿತು, ರಿಪೋರ್ಟಿನಲ್ಲಿ ಬಂದಿದ್ದು ಒಂದು ಸಾಲು: ಫಿಟ್ಸ್ ದಾಖಲಾಗಿಲ್ಲ.

ಆಮೇಲಿನ ಸಲದ್ದು ಇನ್ನೂ ಬೇಜಾರು. ಅವತ್ತು ಸಂಜೆ ಬಂತು. ಜೊತೆಗಿದ್ದಿದ್ದು ಅತ್ತೆ. ಪಾಪ, ಗಾಬರಿಯಲ್ಲಿ ಬೀಗದ ಕೈ ಗೊಂಚಲು ತೆಗೆದು ಮಗಳ ಮುಷ್ಟಿಗೆ ತುರುಕಿ ಗಟ್ಟಿಯಾಗಿ ಹಿಡಿದುಕೊಂಡರು. ಕ್ಯಾಮೆರಾಕ್ಕೆ ಕಂಡಿದ್ದು ಅತ್ತೆಯ ಬೆನ್ನು ಮತ್ತು ಒಂದು ಕಂಬಳಿ. ಕಬ್ಬಿಣದಿಂದ ಏನೂ ನಿಲ್ಲುವುದಿಲ್ಲ, ಅದು ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ. ಆದರೆ ಇಲ್ಲಿ ನಷ್ಟ ಬೇರೆ. ಯಾವ ಕೈ ಬಿಗಿದು ತಿರುಚುತ್ತದೆ ಅನ್ನುವುದರಿಂದ ಮಿದುಳಿನ ಯಾವ ಬದಿ ಅಂತ ಡಾಕ್ಟರು ಅಂದಾಜು ಮಾಡುತ್ತಾರೆ. ಬಲಗೈ ತಿರುಚಿದರೆ ಸಾಮಾನ್ಯವಾಗಿ ಎಡ ಮಿದುಳು. ಆ ಕೈಯನ್ನೇ ಹಿಡಿದರೆ ಏನು ಓದುತ್ತಾರೆ?

ಅಲ್ಲಿಂದ ಬಂದ ಮೇಲೆ ನಾನು ಸೊಸೈಟಿಯಲ್ಲಿ ಕೊಡುವ ದೊಡ್ಡ ಗೋಡೆ ಕ್ಯಾಲೆಂಡರ್ ಹಿಡಿದೆ. ಫಿಟ್ಸಿಗೆ ಕೆಂಪು ಸುತ್ತು, ಮುಟ್ಟಿಗೆ ಒಂದು ಗೆರೆ, ನಿದ್ದೆ ಎಷ್ಟು ಗಂಟೆ ಅನ್ನುವುದು ಮೂಲೆಯಲ್ಲಿ. ಮಲಗುವ ಕೋಣೆಗೆ ಒಂದು ಸಣ್ಣ ಸಿಸಿ ಕ್ಯಾಮೆರಾ, ಮೆಮೊರಿ ಕಾರ್ಡ್ ಸೇರಿ ಸುಮಾರು 2,500 ರೂಪಾಯಿ. ನಮ್ಮಲ್ಲಿ ಮಳೆಗಾಲಕ್ಕೆ ಕರೆಂಟ್ ಇದ್ದರೆ ಪುಣ್ಯ, ಹಾಗಾಗಿ ಅದನ್ನು ಇನ್ವರ್ಟರಿಗೇ ಹಾಕಿದೆ. ನಾವು ತಿಂಗಳಿಗೆ ಮೂರೋ ನಾಲ್ಕೋ ಅಂದುಕೊಂಡಿದ್ದೆವು. ಕ್ಯಾಮೆರಾದಲ್ಲಿ ಅದಕ್ಕಿಂತ ಜಾಸ್ತಿ ಇತ್ತು! ಬೆಳಗಿನ ಜಾವ ನಾಲ್ಕರಿಂದ ಐದೂವರೆ ಒಳಗೆ ಬಂದು ಹೋಗುತ್ತಿತ್ತು, ಪಕ್ಕದಲ್ಲೇ ಮಲಗಿದ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಏಳೆಂಟು ತಿಂಗಳ ಹಾಳೆ ಒಟ್ಟಿಗೆ ಇಟ್ಟು ನೋಡಿದರೆ ಮಗ್ಗಿ ಪುಸ್ತಕದ ಹಾಗೆ ಲೆಕ್ಕ ಸಿಕ್ಕಿತು. ಮುಟ್ಟಿಗೆ ಎರಡು ಮೂರು ದಿನ ಮುಂಚೆ ಶುರು, ಮುಟ್ಟಾದ ಎರಡು ಮೂರು ದಿನದವರೆಗೆ. ಅದರಲ್ಲೂ ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಗ್ಯಾರಂಟಿ. ಅಡಿಕೆ ಸುಲಿಯುವ ಕಾಲದಲ್ಲಿ ಸುತ್ತು ಮೇಲೆ ಸುತ್ತು. ಹಾಳೆಗಳನ್ನು ಡಾಕ್ಟರ ಮೇಜಿನ ಮೇಲೆ ಹರಡಿದೆ. ಅವರು ನಗಲಿಲ್ಲ. ಇದಕ್ಕೆ ಕ್ಯಾಟಮೀನಿಯಲ್ ಎಪಿಲೆಪ್ಸಿ ಅಂತ ಹೆಸರೇ ಇದೆ, ಹಾರ್ಮೋನು ಏರಿಳಿಯುವಾಗ ಹೀಗಾಗುತ್ತದೆ ಅಂದರು. ಆ ವಾರಕ್ಕೇ ಬೆಡ್ ಹೇಗೆ ಗಿಟ್ಟಿಸಿದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದೆ ನನಗೇ ಸಿಗುವುದಿಲ್ಲ.

ಮಧ್ಯದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ನೆಂಟರೊಬ್ಬರ ಹುಡುಗನಿಗೆ ಬಿಸಿನೀರಿನ ಮೂರ್ಛೆ ಇದೆ. ತಲೆಗೆ ಸುಡುನೀರು ಹೊಯ್ದರೆ ಬರುವ ಜಾತಿ, ಕರ್ನಾಟಕದಲ್ಲಿ ಹೆಚ್ಚು ಕಾಣುವಂಥದ್ದು. "ಇವಳದ್ದೂ ಅದೇ, ಹಂಡೆ ನೀರು ಬಿಡಿಸಿ ಸಾಕು" ಅಂತ ಅವರ ಹಟ. ಸರಿ, ಥರ್ಮಾಮೀಟರ್ ತಂದು ಬಚ್ಚಲಲ್ಲಿ ಇಟ್ಟೆ. ನಮ್ಮನೆ ತಲೆಸ್ನಾನದ ನೀರು 46, 47 ಡಿಗ್ರಿ! ಇಷ್ಟು ಬಿಸಿ ಹೊಯ್ದುಕೊಳ್ಳುತ್ತೇವೆ ಅಂತ ನನಗೇ ಗೊತ್ತಿರಲಿಲ್ಲ. ಆದರೆ ತಲೆಸ್ನಾನದ ದಿನಕ್ಕೂ ಕೆಂಪು ಸುತ್ತಿಗೂ ಒಂದು ಸಲವೂ ತಾಳೆ ಆಗಲಿಲ್ಲ. ಹುಡುಗನ ಮನೆಯಲ್ಲಿ ಮಾತ್ರ ಈಗ ಉಗುರುಬೆಚ್ಚಗಿನ ನೀರು, ಅವನಿಗೆ ಅದರಿಂದಲೇ ಎಷ್ಟೋ ಕಡಿಮೆ ಆಗಿದೆ.

ಇನ್ನು ತಲೆಕೂದಲು. ಮಲೆನಾಡಿನ ಹೆಂಗಸರ ತಲೆಗೆ ಎಲೆಕ್ಟ್ರೋಡ್ (ವೈರಿನ ತುದಿಯ ಬಿಲ್ಲೆ) ಅಂಟಿಸುವುದು ಅಂದರೆ ಟೆಕ್ನಿಷಿಯನ್‌ಗೆ ಶಿಕ್ಷೆ. ದಿನಾ ಕೊಬ್ಬರಿ ಎಣ್ಣೆ, ವಾರಕ್ಕೊಮ್ಮೆ ತಲೆಗೆ ಹಚ್ಚುವ ಮತ್ತಿಸೊಪ್ಪಿನ ಗೊಂಪು (ಲೋಳೆ). ಮೊದಲ ಸಲ ಎರಡನೇ ದಿನಕ್ಕೇ ನಾಲ್ಕೈದು ಎಲೆಕ್ಟ್ರೋಡ್ ಜಾರಿ, ನಡುರಾತ್ರಿ ಎಬ್ಬಿಸಿ ಮತ್ತೆ ಅಂಟಿಸಿದ್ದರು. ಈ ಸಲ ಮನೆಯಲ್ಲೇ ಪರೀಕ್ಷೆ ಮಾಡಿದೆ. ಬೈತಲೆಗೆ ಟಿಶ್ಯೂ ಕಾಗದ ಒತ್ತಿ ಬೆಳಕಿಗೆ ಹಿಡಿಯುವುದು, ಎಣ್ಣೆ ಇದ್ದರೆ ಪಾರದರ್ಶಕ ಆಗುತ್ತದೆ. ಸೀಗೆಕಾಯಿ ಒಂದೇ ಸಲಕ್ಕೆ ಸಾಲದು. ಕಡಲೆಹಿಟ್ಟು ಎಣ್ಣೆ ತೆಗೆಯುತ್ತದೆ, ಆದರೆ ಹಿಟ್ಟು ಕೂದಲ ಬುಡದಲ್ಲೇ ಕೂರುತ್ತದೆ. ವಾರ ಮೊದಲೇ ಎಣ್ಣೆ ಬಂದ್, ಗೊಂಪು ಬಂದ್, ಹೊರಡುವ ಹಿಂದಿನ ದಿನ ಸಾದಾ ಶಾಂಪೂ ಎರಡು ಸಲ, ಕಂಡೀಷನರ್ ಬೇಡವೇ ಬೇಡ. ಕೊನೆಯ ತೊಳೆತಕ್ಕೆ ನೀರಿಗೆ ಒಂದು ಪುಡಿ ಹಾಕಿದೆವು. ಅದು ನಮ್ಮನೆ ಗುಟ್ಟು, ಎಲ್ಲರ ಚರ್ಮಕ್ಕೂ ಆಗುತ್ತದೆ ಅಂತ ಹೇಳಲಾರೆ.

ಮಾತ್ರೆಯನ್ನು ಊರಿನಿಂದಲೇ ಬಿಟ್ಟು ಹೊರಡಿ, ಬೇಗ ಬರುತ್ತದೆ ಅಂತ ಐಡಿಯಾ ಕೊಟ್ಟವರೂ ಇದ್ದರು. ಅಂಥವರ ಮಾತು ಕೇಳಬೇಡಿ. ದಾರಿಯಲ್ಲಿ ಒಂದರ ಹಿಂದೆ ಒಂದು ಬಂದು ನಿಲ್ಲದಿದ್ದರೆ ಏನು ಮಾಡುತ್ತೀರಿ? ಐದು ನಿಮಿಷ ದಾಟಿದರೆ ಜೀವಕ್ಕೇ ಅಪಾಯ. ಮಾತ್ರೆ ಇಳಿಸುವುದು ವಾರ್ಡಿನಲ್ಲಿ, ಕೈಗೆ ಸೂಜಿ ಹಾಕಿ ಇಟ್ಟುಕೊಂಡ ಮೇಲೆ, ಡಾಕ್ಟರು ಹೇಳಿದಷ್ಟೇ. ನಿದ್ದೆ ಕೆಡಿಸುವುದೂ ಹಾಗೇ. ನಾವು ರಾತ್ರಿ ಬಸ್ಸು ಬಿಟ್ಟು, ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಚೆನ್ನಾಗಿ ಮಲಗಿ, ಬೆಳಿಗ್ಗೆ ರೈಲಿಗೆ ಹೋದೆವು. ಫಿಟ್ಸ್ ನಿಲ್ಲದಿದ್ದರೆ ಹೊಡೆಯುವ ಮಿಡಜೋಲಾಮ್ ಮೂಗಿನ ಸ್ಪ್ರೇ ನನ್ನ ಜೇಬಿನಲ್ಲೇ ಇತ್ತು.

ಜೊತೆಗಿರುವವರಿಗೆ ಮನೆಯಲ್ಲೇ ತಾಲೀಮು ಮಾಡಿಸಿದೆ. ಮಗ ಹಾಸಿಗೆ ಮೇಲೆ ಮಲಗಿ ಮೂರ್ಛೆ ಬಂದವನ ಹಾಗೆ ಮಾಡುವುದು, ನಾನು ಮತ್ತು ತಮ್ಮ ಸರದಿ ಮೇಲೆ ಓಡುವುದು. ಮೊದಲು ಫಿಟ್ಸ್ ಬಂತು ಅಂತ ತಿಳಿಸುವ ಗುಂಡಿ ಒತ್ತು. ಹೊದಿಕೆ ಎಳೆ, ಲೈಟ್ ಹಾಕು, ಕ್ಯಾಮೆರಾಕ್ಕೆ ಅಡ್ಡ ನಿಲ್ಲಬೇಡ. ಮಾತು, ನೆನಪು ಹೇಗಿದೆ ಅಂತ ನೋಡಲು ಹೆಸರು ಕೇಳು, ಪೆನ್ನು ತೋರಿಸಿ ಇದೇನು ಅಂತ ಕೇಳು. "ಕೊಟ್ಟೆಕಡುಬು, ನೆನಪಿಟ್ಟುಕೋ" ಅಂತ ಜೋರಾಗಿ ಹೇಳು, ಎಚ್ಚರ ಆದ ಮೇಲೆ ಏನು ಹೇಳಿದ್ದೆ ಅಂತ ಕೇಳು. ಕೈಕಾಲು ಹಿಡಿಯಬೇಡ. ಅತ್ತೆಗೂ ಹೇಳಿಕೊಟ್ಟೆ. "ಅಳಿಯಂದಿರೇ, ನಾನು ಊರಲ್ಲೇ ದೇವರಿಗೆ ದೀಪ ಹಚ್ಚಿಟ್ಟಿರ್ತೀನಿ" ಅಂದರು. ಒಳ್ಳೆಯದೇ ಆಯಿತು.

ಬಟ್ಟೆ ಎಲ್ಲ ಮುಂದೆ ಗುಂಡಿ ಇರುವಂಥದ್ದು, ತಲೆ ಮೇಲಿಂದ ಎಳೆಯುವಂಥದ್ದು ಒಂದೂ ಬೇಡ. ಮೊಬೈಲ್ ಚಾರ್ಜರ್ ಹಾಸಿಗೆಯಿಂದ ದೂರ, ಇಲ್ಲದಿದ್ದರೆ ಕರೆಂಟಿನ ಗೆರೆ ಇಇಜಿಗೆ ಸೇರುತ್ತದೆ. ಊಟ ಆದ ಮೇಲೆ ಒಂದು ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ ಇವಳಿಗೆ. ಟೆಕ್ನಿಷಿಯನ್ ಓಡಿ ಬಂದ. "ಅಮ್ಮಾ, ದವಡೆ ಆಡಿದರೆ ಕಿವಿ ಹತ್ತಿರದ ಗೆರೆ ಎಲ್ಲ ಕೆಡುತ್ತೆ, ದಯವಿಟ್ಟು ಉಗಿದು ಬನ್ನಿ." ಆ ವಾರ ಕವಳಕ್ಕೆ ರಜೆ.

ಡಾಕ್ಟರು ಒಪ್ಪಿದ ರಾತ್ರಿ ಎರಡೂವರೆವರೆಗೆ ಚೌಕಾಬಾರ ಆಡಿದೆವು. ಸೋತವಳು ಸಿಟ್ಟಿನಲ್ಲೇ ಮಲಗಿದಳು. ನಾಲ್ಕು ಗಂಟೆ ಚಿಲ್ಲರೆಗೆ, ನನ್ನ ಕ್ಯಾಲೆಂಡರ್ ಹೇಳಿದ ಹೊತ್ತಿಗೇ, ಬಂತು. ತಮ್ಮ ಗುಂಡಿ ಒತ್ತಿ ಕಂಬಳಿ ಎಳೆದ. ಬಲಗೈ ತಿರುಚಿದ್ದು ಸ್ಪಷ್ಟವಾಗಿ ಬಂತು. ಪೆನ್ನು ತೋರಿಸಿದರೆ ಕೆಲವು ನಿಮಿಷ ಮಾತೇ ಹೊರಡಲಿಲ್ಲ, ಕೊಟ್ಟೆಕಡುಬು ನೆನಪಿಲ್ಲ. ಮಾರನೆಯ ದಿನ ಇನ್ನೆರಡು ಬಂದವು. ಎಲ್ಲವೂ ಮಿದುಳಿನ ಎಡಗಡೆ ಟೆಂಪೊರಲ್ ಭಾಗದಿಂದಲೇ (ಕಿವಿಯ ಹತ್ತಿರದ ಭಾಗ) ಶುರು, ಎಂಆರ್‌ಐನಲ್ಲಿ ಎಡ ಹಿಪೊಕ್ಯಾಂಪಸ್ (ಅದರೊಳಗಿನ, ನೆನಪಿಗೆ ಬೇಕಾದ ಭಾಗ) ಸುರುಟಿದ್ದಕ್ಕೂ ಸರಿ ಹೊಂದಿತು. ಮೊದಲು ನಕ್ಕಿದ್ದ ಟೆಕ್ನಿಷಿಯನ್ನೇ ಪಕ್ಕದ ಬೆಡ್ಡಿನವರಿಗೆ ನನ್ನ ಕ್ಯಾಲೆಂಡರ್ ತೋರಿಸಿದ. ಭಾವನಿಗೆ ಫೋಟೋ ಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಮುಂದೆ ನೆನಪು ಮತ್ತು ಮಾತಿನ ಪರೀಕ್ಷೆ ಇದೆ. ಆಪರೇಷನ್ ಮಾತು ಆಮೇಲೆ.

ಕೊನೆಗೆ ದುಡ್ಡು. ಈ ಸಲ ದಿನ ಕಡಿಮೆ ಆಗಿದ್ದರಿಂದ ಎಲ್ಲ ಸೇರಿ 45 ಸಾವಿರದ ಆಸುಪಾಸು. ಇನ್ಶೂರೆನ್ಸ್‌ನವರು ಮೊದಲ ಸಲ ಪೂರ್ತಿ ತಿರಸ್ಕರಿಸಿದ್ದರು. ಬರೀ ತಪಾಸಣೆಗೆ ಅಡ್ಮಿಟ್ ಆದರೆ ಕೊಡುವುದಿಲ್ಲ ಅನ್ನುವ ಷರತ್ತು ಪಾಲಿಸಿಗಳಲ್ಲಿ ಇರುತ್ತದೆ. ಹಾಗಾಗಿ ಈ ಸಲ ಅಡ್ಮಿಟ್ ಆಗುವ ಮುಂಚೆಯೇ ಡಾಕ್ಟರಿಂದ ಪತ್ರ ಬರೆಸಿಕೊಂಡೆ: ಮಾತ್ರೆ ಇಳಿಸುತ್ತೇವೆ, ಅಪಾಯ ಇದೆ, 24 ಗಂಟೆ ಆಸ್ಪತ್ರೆಯಲ್ಲೇ ಇರಬೇಕು ಅಂತ. ಮೂವತ್ತು ಸಾವಿರದಷ್ಟು ಬಂತು. ಉಳಿದದ್ದಕ್ಕೆ ಇನ್ನೂ ಪತ್ರ ಬರೆಯುತ್ತಲೇ ಇದ್ದೇನೆ.