ಭೋಸರಿ ಶೆಡ್‌ನಲ್ಲಿ ಅಂಡರ್‌ಕಟ್ ಹತೋಟಿಗೆ ಬಂದದ್ದು: ನನ್ನ ಅನುಭವ

ಅಂಡರ್‌ಕಟ್ ಅಂದ್ರೆ ವೆಲ್ಡಿನ ಅಂಚಿನಲ್ಲಿ ಪ್ಲೇಟ್ ಕರಗಿ, ತುಂಬದೆ ಉಳಿಯುವ ಸಣ್ಣ ಕಾಲುವೆ. ಪುಣೆ ಬಳಿಯ ಭೋಸರಿಯ ನಮ್ಮ ಶೆಡ್‌ಗೆ ಇದರಿಂದಲೇ ಹೋದ ಮಳೆಗಾಲದಲ್ಲಿ ಒಂದೇ ಲಾಟಿಗೆ ಹೆಚ್ಚುಕಡಿಮೆ 60 ಸಾವಿರದ ಡೆಬಿಟ್ ನೋಟ್ (ಗಿರಾಕಿ ಪಾರ್ಟಿ ಬಿಲ್ಲಿನಲ್ಲಿ ಹಿಡಿದ ಕಡಿತ) ಬಿತ್ತು. 12 ಎಂಎಂ ಪ್ಲೇಟಿನ ಕಾಲಂ, ವೆಬ್‌ಗೂ (ನಡುವಿನ ಪ್ಲೇಟು) ಫ್ಲಾಂಜ್‌ಗೂ (ಅಂಚಿನ ಅಡ್ಡ ಪ್ಲೇಟು) ಫಿಲೆಟ್, ಅಂದ್ರೆ ಮೂಲೆಯ ವೆಲ್ಡು. ಫ್ಲಾಂಜ್ ನೆಲಕ್ಕಿಟ್ಟು ಹೊಡೆದರೆ ಅಂಡರ್‌ಕಟ್ ಎಲ್ಲಿ ಬೀಳುತ್ತೆ ಅಂತ ನಿಮಗೆ ಹೇಳಬೇಕಿಲ್ಲ, ವೆಬ್ ಕಡೆಯ ಮೇಲಂಚಿಗೇ.

ನಾನು ಮಾಡಿದ ದಡ್ಡತನ ಅಂದ್ರೆ ಕಂಡಲ್ಲೆಲ್ಲ ತೆಳ್ಳಗೊಂದು ರನ್ (ವೆಲ್ಡಿನ ಒಂದು ಸಾಲು) ಹಾಕಿಸಿದ್ದು. ಆ ರನ್ನಿನ ಅಂಚಿಗೆ ಹೊಸ ಅಂಡರ್‌ಕಟ್, ಅದನ್ನು ತುಂಬಲು ಮತ್ತೊಂದು ರನ್. ವೆಲ್ಡಿನ 8 ಎಂಎಂ ಲೆಗ್ (ಪ್ಲೇಟಿನ ಮೇಲಿನ ಅಗಲ) ಕೆಲವೆಡೆ 12 ದಾಟಿತು, ಫ್ಲಾಂಜ್ ಬಾಗಿತು. ಗ್ರೈಂಡಿಂಗ್ ವೀಲು ವಾರಕ್ಕೆ ಎರಡು ಡಬ್ಬಿ ಖಾಲಿ.

ಕೊನೆಗೆ ಸ್ಲ್ಯಾಗ್ (ವೆಲ್ಡಿನ ಮೇಲಿನ ಗಟ್ಟಿ ಪದರ) ಪೂರ್ತಿ ತೆಗೆಸಿ, ಟಾರ್ಚನ್ನು ಪ್ಲೇಟಿಗೆ ಒರಗಿಸಿ ಅಡ್ಡ ಬೆಳಕು ಬಿಟ್ಟು, ನೆರಳು ಕಂಡಲ್ಲಿ ಆಳ ಅಳೆಯುವ ಗೇಜ್ ಇಟ್ಟೆ. ಅರ್ಧದಷ್ಟು ಜಾಗ ಮುಟ್ಟುವ ಅಗತ್ಯವೇ ಇರಲಿಲ್ಲ! ನಮ್ಮ ಡ್ರಾಯಿಂಗ್ ಹೇಳಿದ್ದು ಎಡಬ್ಲ್ಯುಎಸ್ ಡಿ 1.1, ಅಂದ್ರೆ ಉಕ್ಕಿನ ರಚನೆಗಳ ವೆಲ್ಡಿಂಗಿಗೆ ಅಮೆರಿಕದ ನಿಯಮಾವಳಿ. ಸ್ಥಿರ ಭಾರಕ್ಕೆ, 25 ಎಂಎಂಗಿಂತ ತೆಳು ಪ್ಲೇಟಿಗೆ ಅದರಲ್ಲಿ 1 ಎಂಎಂ ಆಳದವರೆಗೆ ಪಾಸ್. 300 ಎಂಎಂ ಉದ್ದದಲ್ಲಿ ಒಟ್ಟು 50 ಎಂಎಂ ಮಟ್ಟಿಗೆ 2 ಎಂಎಂವರೆಗೂ ನಡೆಯುತ್ತೆ.

ಪಾರ್ಟಿಯ ಇನ್‌ಸ್ಪೆಕ್ಟರ್ ನಂಬಲಿಲ್ಲ. ಎಂ-ಸೀಲ್ ಒತ್ತಿ ಅಚ್ಚು ತೆಗೆಯೋಣ ಅಂದುಕೊಂಡೆ. ಮೊದಲ ಸಲ ಎಣ್ಣೆ ಸವರುವುದು ಮರೆತು ಅದು ಕಚ್ಚಿ ಕೂತಿತು, ಅದನ್ನೂ ಗ್ರೈಂಡ್ ಮಾಡಿಸಿದೆ. ಎರಡನೇ ಸಲ ಅಚ್ಚು ಕಿತ್ತು, ಅಡ್ಡ ಕೊಯ್ದು, ಅದರ ಏಣನ್ನು (ಅಂಡರ್‌ಕಟ್‌ನ ಆಳವೂ ಅಷ್ಟೇ) ವರ್ನಿಯರ್‌ನಲ್ಲಿ ತೋರಿಸಿದೆ. ಸುಮಾರು 0.7 ಎಂಎಂ. ಆತ ಮಾತಾಡದೆ ಸಹಿ ಹಾಕಿದ.

ಇನ್ನು ಉಳಿದದ್ದು ಕೈ. ನಮ್ಮ ಕಲಬುರಗಿ ಕಾಕಾ 3.15 ಎಂಎಂನ 7018 ವೆಲ್ಡಿಂಗ್ ರಾಡಿಗೆ 150 ಆಂಪ್ಸ್ ದಾಟಿಸಿ ಓಡಿಸುತ್ತಿದ್ದರು. 125ಕ್ಕೆ ಇಳಿಸಿ, ಆರ್ಕ್ (ರಾಡ್ ತುದಿಗೂ ಪ್ಲೇಟಿಗೂ ನಡುವಿನ ಉರಿ) ಗಿಡ್ಡ ಹಿಡಿದು, ಮೇಲಂಚಿಗೆ ಚೂರು ನಿಂತು ಹೋಗಿ ಅಂದೆ.

“ಏನ್ರೀ ಸಾಹೇಬ್ರ, ಮೂವತ್ತು ವರ್ಷ ರಾಡ್ ಹಿಡದವ ನಾನೋ ನೀವೋ? ಹಿಂಗಾದ್ರ ದಿನಕ್ಕ ಅರ್ಧ ಮೀಟರ್ ಆಗ್ತದ.”

“ಕಾಕಾ, ಒಂದ್ ಕಾಲಂ ನನ್ನ ಮಾತ ಕೇಳ್ರಿ. ಆಗಲಿಲ್ಲಂದ್ರ ಸಂಜಿ ಚಹಾ ನಂದು.”

ಚಹಾ ಕಾಕಾನೇ ಕುಡಿಸಿದರು. ವೇಗ ಹತ್ತು ಪರ್ಸೆಂಟ್ ಇಳಿದಿರಬಹುದು, ಆದರೆ ಮುಂದಿನ ಲಾಟಿನ 40 ಮೀಟರಿನಲ್ಲಿ ರಿಪೇರಿ ಎರಡೇ ಕಡೆ. ಮೇಲಂಚಿಗೆ ಎಷ್ಟು ಹೊತ್ತು ನಿಲ್ಲಬೇಕು, ರಾಡ್ ಎಷ್ಟು ವಾಲಬೇಕು ಅನ್ನೋದು ಸದ್ಯ ನಮ್ಮ ಶೆಡ್‌ನಲ್ಲೇ ಇರಲಿ.

ಕ್ರೇನ್ ಗರ್ಡರಿಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ, ಅಲ್ಲಿ ಭಾರ ಸ್ಥಿರವಲ್ಲ, ಮತ್ತೆ ಮತ್ತೆ ಏರಿಳಿಯುತ್ತೆ. ಎಳೆತಕ್ಕೆ ಅಡ್ಡ ಬಂದ ವೆಲ್ಡಿಗೆ ಅಲ್ಲಿ 0.25 ಎಂಎಂ ಮಿತಿ. ಅಂಥ ಕಡೆ ನಾನು ಗೇಜನ್ನೂ ನೆಚ್ಚುವುದಿಲ್ಲ, ಉಗುರಿಗೆ ಸಿಕ್ಕರೆ ಸಾಕು, ಎಳೆತದ ದಿಕ್ಕಿಗೇ ಗೆರೆ ಬರುವಂತೆ ಮೆಲ್ಲಗೆ ಉಜ್ಜಿಸುತ್ತೇನೆ.