ಸ್ಲೇಟು ಹಾರುವುದು ನಿಂತಿದ್ದು ಹೀಗೆ

ಬಾಗಲಕೋಟೆ ನವನಗರದ ನಮ್ಮ ವಿಶೇಷ ಶಾಲೆಯಲ್ಲಿ ಜೂನ್‌ನಲ್ಲಿ ದಿನಕ್ಕೆ ನಾಲ್ಕೈದು ಸಲ ಸ್ಲೇಟು ಹಾರುತ್ತಿತ್ತು. ಎಸೆಯುವವನು 11 ವರ್ಷದ ಹುಡುಗ, ಮಾತಿಲ್ಲ. ‘ಎರಡು ಬಿಟ್ರ ಸರಿ ಹೋಗ್ತಾನ್ರೀ’ ಎಂದು ಅವನ ಅಜ್ಜಿಯೇ ಹೇಳಿದ್ದರು. ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಸಲಹೆ.

ಮೊದಲು ಸ್ಟಾರ್ ಚಾರ್ಟ್ ಹಾಕಿದೆ. 20 ಸ್ಟಾರ್ ಆದರೆ ಶನಿವಾರ ಬಹುಮಾನ. ಸೋಮವಾರದ ಹುಡುಗನಿಗೆ ಶನಿವಾರ ಎಲ್ಲಿ ಕಾಣಬೇಕು? ಆಮೇಲೆ ಚಾಕೊಲೇಟ್. ತಿಂಗಳಿಗೆ ಸುಮಾರು 600 ರೂಪಾಯಿ, ನನ್ನ ಜೇಬಿನಿಂದ. ಚಾಕೊಲೇಟ್ ತಿಂದು ಸ್ಲೇಟು ಎಸೆದ.

ಮತ್ತೆ ಎಬಿಸಿ ಚಾರ್ಟ್ (ಎಸೆಯುವ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು ಎಂದು ಬರೆಯುವ ಪಟ್ಟಿ) ಹಿಡಿದು ಕೂತೆ. ಎರಡು ವಾರ ಬರೆದ ಮೇಲೆ ನಾಚಿಕೆಯಾಯಿತು. ಎಸೆದಾಗಲೆಲ್ಲ ನಾನೇ ಅವನನ್ನು ವರಾಂಡಕ್ಕೆ ಕಳಿಸುತ್ತಿದ್ದೆ. ಬರೆಯೋದು ತಪ್ಪಿ, ಬೇವಿನ ನೆರಳು ಸಿಗುತ್ತಿತ್ತು. ನನ್ನ ಶಿಕ್ಷೆಯೇ ಅವನ ಬಹುಮಾನ!

ಹಳೇ ಕ್ಯಾಲೆಂಡರ್ ರಟ್ಟಿನಲ್ಲಿ ‘ಸಾಕು’ ಕಾರ್ಡು ಮಾಡಿದೆ. ಅವನು ಅದನ್ನು ಕೊಟ್ಟರೆ ಎರಡು ನಿಮಿಷ ವರಾಂಡ. ಎಸೆದರೆ ವರಾಂಡ ಇಲ್ಲ. ಎಸೆತ ಮೊದಲ ವಾರ ಜಾಸ್ತಿಯೇ ಆಯಿತು, ಹಳೇ ದಾರಿ ಮುಚ್ಚಿದಾಗ ಮೊದಮೊದಲು ಹಾಗಾಗುವುದುಂಟು. ನಂತರ ಕಾರ್ಡಿನ ಮಳೆ, ದಿನಕ್ಕೆ ಮೂವತ್ತು ಸಲವಾದರೂ ಇರಬೇಕು. ‘ನಿಮ್ಮ ಹುಡುಗನಿಗೆ ರಜೆ ಮೇಲೆ ರಜೆ’ ಎಂದು ಪಕ್ಕದ ಕ್ಲಾಸಿನವರು ನಕ್ಕರು. ಕಾರ್ಡನ್ನು ತಾನಾಗಿಯೇ ಎತ್ತುವಂತೆ ಮಾಡಿದ ಉಪಾಯ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಬಂದರೆ ತೋರಿಸುತ್ತೇನೆ.

ಪದೇ ಪದೇ ಕಾರ್ಡು ಕೊಡುವುದನ್ನು ಇಳಿಸಲು ಹುಣಸೆ ಬೀಜ ತಂದೆ. ಒಂದು ಸಾಲು ಬರೆದರೆ ಒಂದು ಬೀಜ, ಬೀಜ ಕೊಟ್ಟರೆ ಜೋಕಾಲಿ. ಆಮೇಲೆ ಜೋಕಾಲಿಗೆ ಎರಡು ಬೀಜ, ಮೂರು. ಐದಕ್ಕೆ ಬರಲು ಆರು ವಾರ ಹಿಡಿಯಿತು. ಕಾರ್ಡು ಮಾತ್ರ ಕಸಿಯಲಿಲ್ಲ.

ಉತ್ಸಾಹದಲ್ಲಿ ಇಡೀ ಕ್ಲಾಸಿಗೆ ಬೀಜ ಹಂಚಿದ್ದು ದಡ್ಡತನ. ಒಬ್ಬಳು ಬಾಯಿಗೆ ಹಾಕಿಕೊಂಡಳು, ನನ್ನ ಜೀವ ಹೋಗಿ ಬಂತು. ಅವತ್ತೇ ಎಲ್ಲ ಬೀಜ ತೆಗೆದು, ಅಂಗೈ ಅಗಲದ ಮರದ ಬಿಲ್ಲೆ ಮಾಡಿಸಿದೆ. ಬಡಿಗೇರರು 150 ರೂಪಾಯಿ ತಗೊಂಡರು. ಇನ್ನೊಂದು ಗಮನಿಸಿದ್ದೇನೆಂದರೆ, ಕರೆಂಟ್ ಹೋಗಿ ಫ್ಯಾನ್ ನಿಂತ ದಿನ ಎಸೆತ ಜಾಸ್ತಿ. ಬರೆಯುವುದನ್ನು ಬೆಳಗಿನ ತಂಪಿಗೆ ತಂದೆ, ಅರ್ಧ ಗಲಾಟೆ ಅದರಲ್ಲೇ ಹೋಯಿತು.

ದಸರಾ ರಜೆ ಮುಗಿದ ಮೇಲೆ ಮತ್ತೆ ಎಸೆದ. ಒಂದು ಬೀಜದಿಂದ ಶುರು ಮಾಡಿದ ಹಾಗೆ ಒಂದು ಬಿಲ್ಲೆಯಿಂದ ಶುರು, ವಾರದಲ್ಲಿ ಸರಿಯಾಯಿತು. ಈಗ ತಿಂಗಳಿಗೆ ಒಂದೋ ಎರಡೋ ಸಲ.

ನಕ್ಕ ಪಕ್ಕದ ಕ್ಲಾಸಿನವರು ಮೊನ್ನೆ ಬಂದು ‘ಸಾಕು’ ಕಾರ್ಡು ಕೇಳಿದರು. ಲ್ಯಾಮಿನೇಷನ್ ಖರ್ಚು ಅಂತ 20 ರೂಪಾಯಿ ಇಸ್ಕೊಂಡೇ ಕೊಟ್ಟೆ.